ಹಾಲಿನ ಮನೆಯ ಒಂದು ಸಾಲು

ಗುರುಸಿದ್ದಪ್ಪ ಮಾಸ್ತರರು ನನ್ನ ಹಾಳೆಯನ್ನು ಮೊದಲ ಸಲ ಹಿಂದಕ್ಕೆ ಕೊಟ್ಟಾಗ ಅದರಲ್ಲಿ ಒಂದೇ ಪದದ ಕೆಳಗೆ ಕೆಂಪು ಗೆರೆ ಇತ್ತು. ‘ಪ್ರೀತಿಯಿಂದ’ ಎಂಬ ಪದ. ನಾನು ಬರೆದದ್ದು ಇಷ್ಟೇ: ತಾಯಿ ಇಲ್ಲದ, ತಾಯಿಗೆ ಹಾಲಿಲ್ಲದ ಕೂಸುಗಳಿಗೆ ಪ್ರೀತಿಯಿಂದ ಎದೆಹಾಲು ಕೊಡುತ್ತೇವೆ.

“ಹೊಗಳಿಕಿ ಶಬ್ದ ಬಳಸಬಾರದು ಅಂತ ಸೂಚನಾದಾಗ ಬರದದ. ಓದಿಲ್ಲೇನು?” ಎಂದರು.

“ಪ್ರೀತಿ ಹೊಗಳಿಕಿ ಹೆಂಗ ಆಗ್ತೈತ್ರಿ, ಮಾಸ್ತರ?”

“ಪಟ್ಟಿ ಅಂದ್ರ ಪಟ್ಟಿ. ಏನು ಸಿಗ್ತದ, ಅಷ್ಟ ಹೇಳಬೇಕು. ಹೆಂಗ ಕೊಡ್ತೀರಿ ಅಂತ ನಾವು ಕೇಳಿಲ್ಲ.”

ಹಾಳೆ ಮಡಚಿಕೊಂಡು ಬಂದೆ. ಆಗ ನನಗಿನ್ನೂ ಸಿಟ್ಟು ಬಂದಿರಲಿಲ್ಲ. ದೊಡ್ಡವರು, ಓದಿದವರು, ಏನೋ ಕಾರಣ ಇರಬೇಕು ಅಂದುಕೊಂಡೆ. ಎಷ್ಟು ಜನ ಹೀಗೆ ಅಂದುಕೊಂಡೇ ಜೀವ ಸವೆಸಿದ್ದಾರೋ ನಮ್ಮೂರಲ್ಲಿ.

ನಮ್ಮೂರ ಚಾವಡಿಗೆ ಉದ್ದನೆಯ ಕರಿ ಗೋಡೆಯಿದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಪಟ್ಟಿ. ದುಡ್ಡು ಕೇಳದೆ ಎಲ್ಲರಿಗೂ ತೆರೆದಿರುವ ಜಾಗಗಳೆಲ್ಲ ಅದರಲ್ಲಿವೆ: ಸಿಹಿನೀರಿನ ಬಾವಿ, ಪರ ಊರವರು ಮಲಗುವ ಕಟ್ಟೆ, ಓದುವ ಕೋಣೆ, ಗುದ್ದಲಿ ಗರಗಸ ಎರವಲು ಕೊಡುವ ಹತ್ಯಾರದ ಮನೆ. ಹತ್ತು ಮಂದಿಗೆ ಬಾಗಿಲು ತೆರೆದ ಜಾಗ ಆ ಗೋಡೆಯ ಮೇಲೆ ಇಲ್ಲದಿದ್ದರೆ ಹುಡುಕಿಕೊಂಡು ಹೋದವರಿಗೆ ಸಿಗುವುದಿಲ್ಲ. ಕಣ್ಣೆದುರಿನ ಓಣಿಯಲ್ಲೇ ಇರುತ್ತದೆ. ಆದರೂ ಕೊನೆಯ ತಿರುವಿನಲ್ಲಿ ಕಾಲುಗಳು ಬೇರೆ ಕಡೆ ಹೊರಳುತ್ತವೆ, ಹೋದವರು ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಆ ಜಾಗದಲ್ಲಿ ಕೆಲಸ ಮಾಡುವವರು ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋದರೆ ಮಾತ್ರ ಮುಟ್ಟಬಹುದು. ನಿನ್ನೆ ಬಂದವರಿಗೂ ಇವತ್ತು ಮತ್ತೆ ಕೈ ಬೇಕು. ಹುಟ್ಟಿದಾಗಿನಿಂದ ನೋಡಿದ್ದರಿಂದ ಇದು ನಮಗೆ ವಿಚಿತ್ರ ಅನ್ನಿಸುವುದಿಲ್ಲ. ಪಟ್ಟಿಗೆ ಸೇರುವ ಮೊದಲು ಹತ್ಯಾರದ ಮನೆಯವರು ಒಂದು ಕಾಲದಲ್ಲಿ ತಮ್ಮ ಬಾಗಿಲಿನಿಂದ ಬಜಾರದವರೆಗೆ ಹಗ್ಗ ಕಟ್ಟಿ ನೋಡಿದ್ದರಂತೆ. ಹಗ್ಗ ಹಿಡಿದು ಹೋದವರೆಲ್ಲ ಮತ್ತೆ ಬಜಾರಕ್ಕೇ ಬಂದರು. ಹಗ್ಗ ಸಾಲದು, ಕೈಯೇ ಬೇಕು.

ಸ್ವಂತ ಮನೆಗಳಿಗೆ ಈ ಕಾಟ ಇಲ್ಲ. ನನ್ನ ಮನೆಗೂ ಇರಲಿಲ್ಲ. ನನ್ನ ಗಂಡ ಈರಪ್ಪ ಮಗ್ಗದಲ್ಲಿ ಕೂಡುತ್ತಿದ್ದ, ನಾನು ನೂಲು ಸುತ್ತಿಕೊಡುತ್ತಿದ್ದೆ, ಮಗಳು ಎದೆಗೆ ಅಂಟಿಕೊಂಡಿದ್ದಳು. ಅಷ್ಟರಲ್ಲಿ ನನ್ನ ತಂಗಿ ನೀಲವ್ವ ಹೆರಿಗೆಯಲ್ಲಿ ಹೋದಳು. ಅವಳ ಗಂಡುಕೂಸನ್ನು ತಂದು ಮಗಳ ಜೊತೆಗೆ ಹಾಲಿಗೆ ಹಾಕಿಕೊಂಡೆ. ಇಬ್ಬರಿಗೂ ಸಾಕಾಗಿ ಉಳಿಯುವಷ್ಟಿತ್ತು. ಅದು ಕಿವಿಯಿಂದ ಕಿವಿಗೆ ಹೋಗಿ ಯಾರೋ ಬಾಣಂತಿಗೆ ಸನ್ನಿಯಾದಾಗ ಕೂಸನ್ನು ತಂದರು, ಮತ್ತೊಬ್ಬರು ಅವಳಿ ಮಕ್ಕಳನ್ನು ತಂದರು. ನನ್ನೊಬ್ಬಳಿಂದ ಆಗದಿದ್ದಾಗ ಬಳೆಗಾರರ ಇಮಾಂಬಿ ತನ್ನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕೂತಳು. ಆಮೇಲೆ ಕೇರಿಯ ದುರಗವ್ವ ಬಂದಳು. ಬಂದವಳು ಹೊಸ್ತಿಲಾಚೆಯೇ ನಿಂತು, “ಯಕ್ಕಾ, ನನ್ನ ಹಾಲು ನಡೀತೈತೇನ?” ಎಂದು ಕೇಳಿದಳು. ಒಳಗೆ ಒಂದು ಕೂಸು ಕಿರುಚುತ್ತಿತ್ತು. “ಅದನ್ನ ಕೇಳು, ನನ್ನ ಯಾಕ ಕೇಳ್ತಿ?” ಎಂದೆ. ಒಳಗೆ ಬಂದಳು.

ಯಾವ ಕೂಸಿಗೂ ಇಲ್ಲ ಅನ್ನಬಾರದು ಎಂದು ಮೂವರೂ ಮಾತಾಡಿಕೊಂಡ ದಿನವೇ ನಮ್ಮ ಮನೆ ಕಳೆದುಹೋಯಿತು. ಅಂಚೆಯವನು ಓಣಿಯಲ್ಲಿ ಎರಡು ಸುತ್ತು ಹಾಕಿ ಹೋದ. ಈರಪ್ಪ ಮೊದಲು ತಲೆಯ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಮಗ್ಗದಿಂದಲೇ ಕೂಗಿದ: “ನಿಮ್ಮ ಸೋದರತ್ತಿ ಇನ್ನ ಊಟದ ಹೊತ್ತಿಗೆ ಬರೂದಿಲ್ಲ ನೋಡು. ಒಂದ ಲಾಭ ಆತು.” ಅಂಥ ಮನುಷ್ಯ.

ಹಾಗಾಗಿ ನಾವು ಓಣಿಯ ತಿರುವಿಗಿರುವ ಗಾಣದ ಮೂಲೆಯಲ್ಲಿ ಸರದಿಯ ಮೇಲೆ ನಿಲ್ಲತೊಡಗಿದೆವು. ಕೂಸು ಹೊತ್ತವರು ಬಂದರೆ ಕೈ ಹಿಡಿದು ಕರೆತರುವುದು, ಹಾಲು ಕುಡಿದಾದ ಮೇಲೆ ಕಳಿಸಿಕೊಡುವುದು. ಆದರೆ ಮೂಲೆಯಲ್ಲಿ ನಿಂತವಳು ಹಾಲು ಕೊಡುವ ಹಾಗಿಲ್ಲ, ಹಾಲು ಕೊಡುವವಳು ಮೂಲೆಗೆ ಹೋಗುವ ಹಾಗಿಲ್ಲ. ಗೋಡೆಯ ಮೇಲೆ ಒಂದು ಸಾಲು ಬಿದ್ದರೆ ಇದೆಲ್ಲ ಮುಗಿಯುತ್ತಿತ್ತು. ಅದಕ್ಕೇ ಹಾಳೆ ಬರೆದದ್ದು.

‘ಪ್ರೀತಿಯಿಂದ’ ತೆಗೆದು ಮತ್ತೆ ಕೊಟ್ಟೆ. ಈ ಸಲ ಮಾಸ್ತರರು, “ನಿನ್ನ ಜಾಗ ನೀನ ಕೊಡೂ ಹಂಗಿಲ್ಲ. ಉಪಯೋಗ ತೊಗೊಂಡವ್ರು ಬರದುಕೊಡಬೇಕು” ಎಂದರು.

“ಉಪಯೋಗ ತೊಗೊಂಡವ್ರಿಗೆ ಇನ್ನ ಹಲ್ಲ ಬಂದಿಲ್ರಿ. ಅಕ್ಷರ ಎಲ್ಲಿಂದ ಬರಬೇಕು?”

ಪಕ್ಕದಲ್ಲಿದ್ದ ಪಂಚರೊಬ್ಬರು ನಕ್ಕರು. ಮಾಸ್ತರರು ನಗಲಿಲ್ಲ. ಪಟ್ಟಿಯ ಪಂಚರು ಹನ್ನೊಂದು ಮಂದಿ. ಸಂಬಳವಿಲ್ಲ, ಸುಂಕವಿಲ್ಲ, ಊರ ಸೇವೆ ಅಂತ ಮಾಡುತ್ತಾರೆ. ಅದನ್ನು ಅವರೂ ಮರೆಯುವುದಿಲ್ಲ, ನಾವೂ ಮರೆಯದಂತೆ ನೋಡಿಕೊಳ್ಳುತ್ತಾರೆ. ಸೂಚನೆಯ ಹಲಗೆಯನ್ನು ಬರೆದವರು ಮಾಸ್ತರರೇ. ಒಂದು ಹಾಳೆಗೆ ಒಂದೇ ಜಾಗ, ಒಂದು ಜಾಗಕ್ಕೆ ಒಂದೇ ಸಾಲು, ಸಾಲಿನ ಕೊನೆಗೆ ಪೂರ್ಣವಿರಾಮ, ಅಕಾರಾದಿಯಲ್ಲಿ ಎಲ್ಲಿ ಕೂಡುತ್ತದೆಂದು ಕೊಡುವವರೇ ಗುರುತು ಮಾಡಬೇಕು. ಓದಿದರೆ ತಪ್ಪು ಅನ್ನಿಸುವಂಥದ್ದು ಒಂದೂ ಇಲ್ಲ. ಅದೇ ಅದರ ಜಾಣತನ.

ಗಾಣಿಗರ ಬಸಮ್ಮನಿಗೆ ಹಾಲು ಬತ್ತಿತ್ತು, ಅವಳ ಕೂಸು ನಮ್ಮ ಹಾಲಿನಲ್ಲೇ ಬೆಳೆಯುತ್ತಿತ್ತು. ಮೂರನೆಯ ಹಾಳೆಯನ್ನು ಅವಳ ಕೈಯಲ್ಲಿ ಬರೆಸಿದೆ. “ಹಾಲು ಈಗಾಗಲೇ ಪಟ್ಟಿಯಲ್ಲಿದೆ” ಎಂದು ಷರಾ ಬಿತ್ತು. ಗೌಳಿಗರು ಸಂಜೆ ಹೊತ್ತು ಬಡವರಿಗೆ ಎಮ್ಮೆಯ ಹಾಲು ಕೊಡುತ್ತಾರೆ, ಆ ಸಾಲು ಇತ್ತು. ಹುಟ್ಟಿ ಎರಡು ದಿನವಾಗದ ಕೂಸಿಗೆ ಎಮ್ಮೆಯ ಹಾಲು! ಆ ಷರಾ ಬರೆದವರು ತಮ್ಮ ಮೊಮ್ಮಕ್ಕಳಿಗೆ ಕುಡಿಸಿ ನೋಡಲಿ ಎಂದು ಚಾವಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದೆ. ನನ್ನ ಸಿಟ್ಟಿನ ಆರಂಭ ಅದು.

ನಾಲ್ಕನೆಯ ಸಲ ಮಾಸ್ತರರು ತಾವಾಗಿಯೇ ಕರೆದು ಕೂಡಿಸಿದರು. ದನಿ ತಗ್ಗಿಸಿ ಮಾತಾಡಿದರು. “ನೋಡವ್ವ, ಇದು ನೀರಿನ ವಿಭಾಗಕ್ಕ ಹೊಂದೂದಿಲ್ಲ, ಅನ್ನದ ವಿಭಾಗಕ್ಕೂ ಹೊಂದೂದಿಲ್ಲ, ಮದ್ದಂತೂ ಅಲ್ಲ. ಹೊಸಾ ವಿಭಾಗ ಮಾಡಬೇಕಂದ್ರ ಅಂಥಾ ಜಾಗ ಮೂರರೆ ಇರಬೇಕು.”

“ಇದೊಂದ ಸಿಗಾಕ ಒಲ್ಲದು, ಇನ್ನೆರಡು ಎಲ್ಲಿಂದ ಹುಟ್ಟಬೇಕ್ರಿ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. “ಮತ್ತ ಇನ್ನೊಂದ ಮಾತು. ಯಾರ ಹಾಲು ಯಾರಿಗೆ ಅನ್ನೂದನ್ನ ನೀವು ಸ್ಪಷ್ಟ ಮಾಡಿಲ್ಲ. ಮಂದಿ ಕೇಳ್ತಾರ.”

“ಮಂದಿ ಕೇಳ್ತಾರೋ, ನೀವು ಕೇಳ್ತೀರೋ?”

“ನಾನು ಪಟ್ಟಿ ಪರವಾಗಿ ಕೇಳ್ತೀನಿ.”

ಪಟ್ಟಿಗೆ ಬಾಯಿಯಿದ್ದಿದ್ದರೆ ಅದಕ್ಕೇ ನೇರ ಉತ್ತರ ಕೊಡುತ್ತಿದ್ದೆ. ಹಾಳೆಯನ್ನು ಅವರೆದುರೇ ಹರಿದು ಬಂದೆ.

ಆಮೇಲೆ ಆದದ್ದನ್ನು ಹೇಳಲೇಬೇಕು. ಅವತ್ತು ಮೂಲೆಯ ಸರದಿ ದುರಗವ್ವನದು. ಮಧ್ಯಾಹ್ನದ ಹೊತ್ತಿಗೆ ಚಾವಡಿಯ ಆಳು ಬಂದು, ಪಂಚರ ಸಭೆಯಿದೆ, ಅಂಗಳ ಗುಡಿಸಬೇಕು, ಈಗಲೇ ನಡಿ ಎಂದು ಅವಳನ್ನು ಎಬ್ಬಿಸಿಕೊಂಡು ಹೋದ. ಅವಳು ಓಡಿ ಬಂದು ಬಾಗಿಲಲ್ಲಿ ಹೇಳಿ ಹೋದಳು. ಒಳಗೆ ನನ್ನ ತೊಡೆಯ ಮೇಲೆ ಎರಡು ಕೂಸು, ಇಮಾಂಬಿಯ ತೊಡೆಯ ಮೇಲೆ ಒಂದು, ಜೋಳಿಗೆಯಲ್ಲಿ ಮತ್ತೊಂದು ಸರದಿ ಕಾಯುತ್ತಿತ್ತು. ಇವು ಕುಡಿದಾದ ಕೂಡಲೇ ಹೋಗುತ್ತೇನೆ ಅಂದುಕೊಂಡೆ.

ಹೊರಗೆ ಎಲ್ಲೋ ಎಳೆಗೂಸಿನ ಅಳು ಕೇಳಿಸಿತು. ಹತ್ತಿರ ಬಂತು, ದೂರ ಹೋಯಿತು. ಮತ್ತೆ ಹತ್ತಿರ ಬಂತು. ನಮ್ಮ ಗೋಡೆಯ ಆಚೆಯೇ ಇದೆ ಅನ್ನಿಸಿ ಎದ್ದು ಬಾಗಿಲಿಗೆ ಬಂದರೆ ಓಣಿ ಖಾಲಿ. ಇಮಾಂಬಿ ನನ್ನ ಮುಖ ನೋಡಿದಳು. “ಅಕ್ಕಾ, ಯಾರೋ ಹುಡುಕಾಕತ್ತಾರ. ಹೋಗ್ರಿ, ಇವನ್ನ ನಾ ನೋಡ್ಕೋತೀನಿ” ಎಂದಳು. ಕೂಸುಗಳನ್ನು ಚಾಪೆಯ ಮೇಲೆ ಬಿಟ್ಟು ಓಡಿದೆ. ಅಳು ಎತ್ತಲಿಂದ ಬರುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ನಿಂತುಹೋಯಿತು.

ಗಾಣದ ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಮೈಯೆಲ್ಲ ಸುಣ್ಣದ ಧೂಳು. ಊರಾಚೆಯ ಸುಣ್ಣದ ಭಟ್ಟಿಯಲ್ಲಿ ದುಡಿಯುವವನು, ಹೆಸರು ಮಲಕಪ್ಪ ಎಂದು ಆಮೇಲೆ ತಿಳಿಯಿತು. ಹೆಂಡತಿ ಬಾಣಂತಿ ಜ್ವರದಲ್ಲಿ ತೀರಿಕೊಂಡಿದ್ದಳು. ಹಾಲಿನ ಮನೆ ಎಂದು ಯಾರೋ ಹೇಳಿದ್ದನ್ನು ನಂಬಿ, ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ಆ ಬಿಸಿಲಲ್ಲಿ ನಮ್ಮ ಓಣಿಯನ್ನು ಸುತ್ತಿದ್ದಾನೆ, ಸುತ್ತಿದ್ದಾನೆ, ನಮ್ಮ ಬಾಗಿಲ ಮುಂದಿನಿಂದಲೇ ಹಾದುಹೋಗಿದ್ದಾನೆ.

“ಮನಿ ಇಲ್ಲೇ ಐತಿ ಅಂದ್ರು. ನನಗ ಕಾಣವಲ್ದು, ಯವ್ವಾ,” ಎಂದ. “ಈಗಷ್ಟ ಮಲಗೈತಿ. ಅತ್ತತ್ತು ಮಲಗೈತಿ.”

ಅಲ್ಲೇ ಕಟ್ಟೆಯ ಮೇಲೆ ಕೂತು ಕೂಸನ್ನು ಕಸಿದುಕೊಂಡೆ. ಬಾಯಿಗೆ ಎದೆ ಇಟ್ಟೆ. ಹಾಲು ತಾನಾಗಿ ಇಳಿದು ಅದರ ಗದ್ದದ ಮೇಲೆ ಹರಿಯಿತು, ಕತ್ತಿನೊಳಗೆ ಹೋಯಿತು. ತುಟಿ ಅಲುಗಲಿಲ್ಲ. ಪಾದ ತಿಕ್ಕಿದೆ, ಬೆನ್ನು ತಟ್ಟಿದೆ, ಹೆಸರು ಹಿಡಿದು ಕರೆಯೋಣವೆಂದರೆ ಹೆಸರೇ ಇಟ್ಟಿರಲಿಲ್ಲ. ಮಲಕಪ್ಪ ನನ್ನ ಕೈಯನ್ನೇ ನೋಡುತ್ತಿದ್ದ, ಇನ್ನೇನು ಕುಡಿಯುತ್ತದೆ ಎನ್ನುವ ಹಾಗೆ.

ಅವನ ಕೈ ಹಿಡಿದು ಮನೆಗೆ ಕರೆತಂದೆ. ಇಮಾಂಬಿ ಕೂಸಿನ ಮುಖ ನೋಡಿ ನೀರು ಕಾಯಿಸಲು ಇಟ್ಟಳು. ನಾನು ನಿಲ್ಲಲಿಲ್ಲ. ಕುಪ್ಪಸದ ಗುಂಡಿ ಹಾಕಿಕೊಂಡೆನೋ ಇಲ್ಲವೋ ಎಂಬ ಪರಿವೆಯೂ ಇಲ್ಲದೆ ಚಾವಡಿಗೆ ನಡೆದೆ.

ಸಭೆ ನಡೆದಿತ್ತು. ಒಂದು ಕೆರೆಯ ಹೆಸರಿನಲ್ಲಿ ದೀರ್ಘ ಬರಬೇಕೋ ಹ್ರಸ್ವ ಬರಬೇಕೋ ಎಂದು ಹನ್ನೊಂದು ಜನ ವಾದ ಮಾಡುತ್ತಿದ್ದರು. ದುರಗವ್ವ ಕಸಬರಿಗೆ ಹಿಡಿದು ಅಂಗಳದ ಅಂಚಿಗಿದ್ದಳು. ನಾನು ನೇರ ಮೇಲೆ ಹತ್ತಿ ಗುರುಸಿದ್ದಪ್ಪ ಮಾಸ್ತರರ ಮಣಿಕಟ್ಟು ಹಿಡಿದೆ.

“ಏ, ಏ, ಫಕೀರವ್ವ! ಏನಿದು?”

“ಏಳ್ರಿ. ಜಾಗಾ ನೋಡಬೇಕಲ್ಲ ನೀವು? ಪರಿಶೀಲನಾ ಮಾಡಬೇಕಲ್ಲ? ಬರ್ರಿ, ಕರಕೊಂಡ ಹೋಗ್ತೀನಿ.”

“ಕೈ ಬಿಡು, ಮಂದಿ ನೋಡಾಕತ್ತಾರ.”

“ನೋಡ್ಲಿ. ಕೈ ಬಿಟ್ರ ನಿಮಗ ನನ್ನ ಮನಿ ಸಿಗೂದಿಲ್ಲ. ಆ ಕಟ್ಟಳಿ ನಾ ಮಾಡಿದ್ದಲ್ಲ.”

ಬಜಾರದ ಮಧ್ಯೆ ಆ ಹಿರಿಯ ಮನುಷ್ಯನನ್ನು ಎಳೆದುಕೊಂಡು ನಡೆದೆ. ಅಂಗಡಿಯವರು ಎದ್ದು ನಿಂತರು. ಅವರ ಒಂದು ಚಪ್ಪಲಿ ಎಲ್ಲೋ ಬಿತ್ತು. ದುರಗವ್ವ ಅದನ್ನು ಎತ್ತಿಕೊಂಡು ಹಿಂದೆಯೇ ಬಂದಳು.

ಮನೆಯೊಳಗೆ ಇಮಾಂಬಿ ಆ ಕೂಸಿಗೆ ನೀರು ಹಾಕುತ್ತಿದ್ದಳು, ಬದುಕಿರುವ ಕೂಸಿಗೆ ಹಾಕುವಷ್ಟೇ ನಿಧಾನವಾಗಿ, ಕಿವಿಗೆ ನೀರು ಹೋಗದಂತೆ ಬೆರಳು ಅಡ್ಡವಿಟ್ಟು. ಮಲಕಪ್ಪ ಗೋಡೆಗೊರಗಿ ಕೂತಿದ್ದ. ಬಸಮ್ಮನ ಕೂಸು ಜೋಳಿಗೆಯಲ್ಲಿ ಕಿರುಚತೊಡಗಿತು. ದುರಗವ್ವ ಚಪ್ಪಲಿಯನ್ನು ಬಾಗಿಲಲ್ಲಿಟ್ಟು, ಕೈ ತೊಳೆದು, ಆ ಕೂಸನ್ನೆತ್ತಿ ಸೆರಗಿನೊಳಗೆ ತಗೊಂಡಳು. ಮಾಸ್ತರರು ಎಲ್ಲವನ್ನೂ ನೋಡಿದರು. ಟೋಪಿ ತೆಗೆದರು. ಅವರ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ನಾನು ಸಿಟ್ಟಿನಲ್ಲಿದ್ದರೂ ಅದನ್ನು ಅಲ್ಲಗಳೆಯಲಾರೆ. “ಇವತ್ತ ಬರೀತೀನಿ,” ಎಂದರು. “ಸಂಜಿಯೊಳಗ ಗೋಡಿ ಮ್ಯಾಲೆ ಇರ್ತದ.”

ಇತ್ತು. ಹೊತ್ತು ಮುಳುಗುವ ಮೊದಲೇ ಬಸಮ್ಮ ಯಾರ ಕೈಯೂ ಹಿಡಿಯದೆ ಬಾಗಿಲಿಗೆ ಬಂದಳು. “ಫಕೀರಕ್ಕಾ! ಮನಿ ಸಿಕ್ತು! ಗೋಡಿ ಮ್ಯಾಲೆ ಬಂದೈತಿ!” ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು: ‘ಹಾಲಿನ ಮನೆ: ಊರ ಕೂಸುಗಳಿಗೆ ಊರ ತಾಯಂದಿರ ಎದೆಹಾಲು.’ ಚೆನ್ನಾಗಿದೆ ಅನ್ನಿಸಿತು. ದುರಗವ್ವನೂ ಕೇಳಿ ನಕ್ಕಳು, ಮನೆಗೆ ಹೋದಳು. ಒಂದು ಸಾಲು, ಅದೂ ಒಂದೇ ಸಂಜೆಯಲ್ಲಿ. ಹಾಗಾದರೆ ಇಷ್ಟು ದಿನ ಯಾಕೆ ಆಗಲಿಲ್ಲ ಎಂದು ಯೋಚಿಸುತ್ತ ಕೂತೆ. ಮಲಕಪ್ಪ ತನ್ನ ಕೂಸನ್ನು ಭಟ್ಟಿಯ ಹಿಂದಿನ ಹೊಲದಲ್ಲಿ ಮಣ್ಣು ಮಾಡಿ ಆಗಿತ್ತು.

ಮರುದಿನ ಬೆಳಗ್ಗೆ ದುರಗವ್ವ ಬರಲಿಲ್ಲ. ಬಿಸಿಲೇರಿದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಗಾಣದ ಮೂಲೆಯಲ್ಲಿದ್ದಳು. ಎದೆ ಬಿಗಿದು ಕುಪ್ಪಸ ಒದ್ದೆಯಾಗಿತ್ತು.

“ಯಕ್ಕಾ, ಹೊತ್ತ ಹುಟ್ಟಿದಾಗಿಂದ ತಿರುಗಾಕತ್ತೀನಿ. ದಿನಾ ಬರೋ ದಾರಿ. ನನಗೇನ ಹುಚ್ಚ ಹಿಡದೈತೇನ?”

“ಬಾ,” ಎಂದು ಕೈ ಹಿಡಿದೆ. ಗಟ್ಟಿಯಾಗಿಯೇ ಹಿಡಿದಿದ್ದೆ. ತಿರುವು ದಾಟಿ ಮನೆಯ ಬಾಗಿಲಿಗೆ ಬಂದು ನೋಡಿದರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಓಡಿ ಹೋದರೆ ಅವಳು ಮೂಲೆಯಲ್ಲೇ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಮತ್ತೆ ಹಿಡಿದೆ, ಎರಡೂ ಕೈಯಿಂದ ಹಿಡಿದೆ. ಮತ್ತೆ ಹಾಗೆಯೇ. ಆಗ ದುರಗವ್ವನೇ ಮೆಲ್ಲಗೆ ಹೇಳಿದಳು: “ಊರ ತಾಯಂದಿರು ಅಂತ ಬರದಾರಲ್ಲ, ಯಕ್ಕಾ. ನಾ ಕೇರಿಯಾಕಿ.”

ಊರು ಬೇರೆ, ಕೇರಿ ಬೇರೆ. ಭಟ್ಟಿಯವರು ಎರಡರಲ್ಲೂ ಇಲ್ಲ. ಮಲಕಪ್ಪನ ಕೂಸು ಬದುಕಿದ್ದು ಮತ್ತೆ ಬಂದಿದ್ದರೂ ಆ ಸಾಲು ಅದನ್ನು ನಮ್ಮ ಬಾಗಿಲಿಂದಾಚೆಗೇ ತಿರುಗಿಸುತ್ತಿತ್ತು. ಮೊದಲು ಕೈ ಹಿಡಿದಾದರೂ ಕರೆತರುತ್ತಿದ್ದೆವು. ಈಗ ಅದನ್ನೂ ಕಿತ್ತುಕೊಂಡಿದ್ದರು. ಅತ್ತು ಟೋಪಿ ತೆಗೆದ ಮನುಷ್ಯ ಚಾವಡಿಗೆ ಹೋಗಿ, ದುರಗವ್ವನನ್ನು ಕಣ್ಣಾರೆ ನೋಡಿ ಹೋಗಿ, ‘ಊರ’ ಎಂಬ ಆ ಎರಡಕ್ಷರವನ್ನು ಆರಿಸಿ ಇಟ್ಟಿದ್ದ.

ಮಾಸ್ತರರು ಗೋಡೆಯ ಮುಂದೆಯೇ ಸಿಕ್ಕರು. “‘ಎಲ್ಲರಿಗೂ’ ಅಂತ ಬರದಿದ್ರ ಹನ್ನೊಂದ ಮಂದಿಯೊಳಗ ಒಬ್ರೂ ಒಪ್ತಿರಲಿಲ್ಲ, ತಂಗಿ,” ಎಂದರು. “ಏನೂ ಇಲ್ಲದಕ್ಕಿಂತ ಇಷ್ಟರೆ ಆತಲ್ಲ. ಮುಂದ ನಿಧಾನಕ್ಕ ತಿದ್ದೋಣಂತ. ತಿದ್ದುಪಡಿಗೆ ಬ್ಯಾರೆ ಹಾಳಿ ಅದ, ನಾನ ಕೊಡ್ತೀನಿ.”

“ನಿಮ್ಮ ಸಲುವಾಗಿ ದುರಗವ್ವ ಅಂಗಳ ಹೊಡೀತಿದ್ದಳ್ರಿ ನಿನ್ನೆ. ಅಂಗಳಕ್ಕ ಕರಿಯೂ ಮುಂದ ಆಕಿ ಊರಾಕಿ ಆಗಿದ್ದಳು?”

ಉತ್ತರಕ್ಕೆ ನಾನು ಕಾಯಲಿಲ್ಲ. ಪಕ್ಕದ ಹತ್ಯಾರದ ಮನೆಗೆ ಹೋಗಿ, ಅಲ್ಲಿಯ ಕ್ರಮದ ಪ್ರಕಾರವೇ ಹೆಸರು ಹೇಳಿ, ಕಳೆ ತೆಗೆಯುವ ಕುರ್ಚಿಗಿಯೊಂದನ್ನು ಎರವಲು ತಗೊಂಡು ಬಂದೆ. ಗೋಡೆಯ ಆ ಸಾಲಿನ ಮೇಲೆ ಇಟ್ಟು ಎಳೆದೆ. ಬಿಳಿ ಪುಡಿ ನನ್ನ ತಲೆಯ ಮೇಲೆ ಉದುರಿತು.

ಜನ ಸೇರಿದರು. ಗೋಡೆಯನ್ನು ಯಾರೂ ಹಾಗೆ ಮುಟ್ಟಿದ್ದಿಲ್ಲ. “ಅಳಿಸಿದ್ರ ಮತ್ತ ಯಾರಿಗೂ ಸಿಗೂದಿಲ್ಲ!” ಎಂದು ಮಾಸ್ತರರು ನನ್ನ ರಟ್ಟೆಗೆ ಕೈ ಹಾಕಲು ಬಂದವರು, ನಿನ್ನೆಯದು ನೆನಪಾಯಿತೋ ಏನೋ, ಹಿಂದೆ ಸರಿದರು. ಆದರೆ ಬಸಮ್ಮ ಗುಂಪು ಸೀಳಿಕೊಂಡು ಬಂದಳು. ಅವಳ ಮಾತು ನನಗೆ ತಾಗಿತು.

“ಫಕೀರಕ್ಕಾ, ನನ್ನ ಕೂಸಿನ ಗತಿ ಏನ? ಇವತ್ತ ಸರಳ ಬಂದು ಕುಡಿಸಿಕೊಂಡ ಹೋಗೀನಿ. ಮತ್ತ ಬಿಸಿಲಾಗ ನಿಂದ್ರಬೇಕೇನ?”

“ನಿಂದ್ರು,” ಎಂದೆ. “ಗಾಣದ ಮೂಲಿಗೆ ಬಂದ ನಿಂದ್ರು, ನಿನ್ನ ಕೈ ಹಿಡಿಯಾಕ ಬರ್ತೀವಿ. ನಿನ್ನ ಕೂಸು ಇಷ್ಟ ದಿನಾ ಯಾರ ಹಾಲು ಕುಡದೈತಿ, ಗೊತ್ತೈತಿಲ್ಲ ನಿನಗ? ಆಕಿ ಆ ಮೂಲ್ಯಾಗ ನಿಂತಾಳ ನೋಡು, ಅಂಗಿ ತೊಯ್ಸಿಕೊಂಡು.”

ಬಸಮ್ಮ ಮೂಲೆಯ ಕಡೆ ಹೊರಳಿದಳು. ಪೂರ್ಣವಿರಾಮದವರೆಗೂ ಕೆರೆದು, ಕುರ್ಚಿಗಿಯನ್ನು ವಾಪಸು ಕೊಟ್ಟು ಬಂದೆ. ದುರಗವ್ವನ ಕೈ ಹಿಡಿದು ನಡೆದಾಗ ಈ ಸಲ ಅದು ಜಾರಲಿಲ್ಲ. ಹೊಸ್ತಿಲು ದಾಟಿದವಳೇ ಕೂಸೊಂದನ್ನು ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು. ಇಮಾಂಬಿ ಹೋಗಿ ಒತ್ತಿ ಕೂತಳು.

ಪಂಚರು ನನ್ನನ್ನು ಚಾವಡಿಗೆ ಹತ್ತಬಾರದೆಂದು ಸಾರಿದರು. ನನಗೆ ಅಲ್ಲಿ ಕೆಲಸವೂ ಇರಲಿಲ್ಲ. ಕೆಲವರು ಬರುವುದನ್ನು ಬಿಟ್ಟರು, ಯಾಕೆಂದು ಗೊತ್ತು. ಬಸಮ್ಮ ಬಿಡಲಿಲ್ಲ, ಸಿಡುಕುತ್ತಲೇ ಬಂದು ಮೂಲೆಯಲ್ಲಿ ನಿಲ್ಲುತ್ತಿದ್ದಳು.

ಒಂದು ಬೆಳಗ್ಗೆ ಮಲಕಪ್ಪ ಬಂದ. ಇಮಾಂಬಿ ಕೈ ಹಿಡಿದು ಕರೆತಂದಳು. ಅಂಗಳದಲ್ಲಿ ನಿಂತು ತಲೆ ಎತ್ತದೆ ಮಾತಾಡಿದ. “ಭಟ್ಟಿ ಕೆಲಸಾ ಬಿಟ್ಟೀನ್ರಿ. ಇಲ್ಲಿ ಏನರೆ ಕೆಲಸಾ ಕೊಡ್ರಿ. ಕೂಸಿನ ಅರಬಿ ಒಗೀತೀನಿ, ನೀರ ತರ್ತೀನಿ. ಇಲ್ಲಿ ದುಡದವ್ರು ಕೈ ಹಿಡದ್ರ ಮಂದಿಗೆ ಹಾದಿ ಸಿಗ್ತೈತಂತಲ್ಲ. ನಾ ಆ ಮೂಲ್ಯಾಗ ನಿಂದರ್ತೀನಿ.”

ಹಾಲೂಡಿಸುವ ಹೆಂಗಸರ ನಡುವೆ ಗಂಡಾಳು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಈರಪ್ಪ ಮಗ್ಗದಿಂದ ಎದ್ದು, ಆಗಷ್ಟೇ ನೇಯ್ದ ಸೀರೆಯನ್ನು ತಂದು ಪಡಸಾಲೆಗೆ ಅಡ್ಡ ಕಟ್ಟಿದ. “ಆತಲ್ಲ,” ಎಂದು ಮತ್ತೆ ಹೋಗಿ ಕೂತ. ಅಂದಿನಿಂದ ಮಲಕಪ್ಪ ಬಟ್ಟೆ ಒಗೆದು ಹರವಿ, ಬಿಸಿಲಿರಲಿ ಗಾಳಿಯಿರಲಿ ಮೂಲೆಯಲ್ಲಿ ನಿಲ್ಲತೊಡಗಿದ. ನಾವು ಮೂವರೂ ಒಳಗೇ ಇರುವಂತಾಯಿತು. ದೂರದಲ್ಲಿ ಕೂಸಿನ ಅಳು ಕೇಳಿದರೆ ಸಾಕು, ಅವನು ಓಡುತ್ತಿದ್ದ. ಯಾರ ಕೂಸು ಎಂದು ಕೇಳುತ್ತಿರಲಿಲ್ಲ.

ಮೊನ್ನೆ ನಾನು ಅಂಗಡಿಗೆ ಹೋಗಿ ಬರುವಾಗ ಗುರುಸಿದ್ದಪ್ಪ ಮಾಸ್ತರರು ಮೂಲೆಯಲ್ಲಿದ್ದರು. ಕೈಯಲ್ಲಿ ಹೊಸ ಹಾಳೆ. ನಾನು ದೂರದಲ್ಲೇ ನಿಂತೆ. ಮಲಕಪ್ಪ ಯಾರದೋ ಕೂಸನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡಿದ್ದ. ಬಲಗೈಯಲ್ಲಿ ಅದರ ಅಜ್ಜಿಯ ಕೈ.

“‘ಎಲ್ಲರಿಗೂ’ ಅನ್ನೂದಕ್ಕ ಆರು ಮಂದಿ ಒಪ್ಪ್ಯಾರಪ್ಪ,” ಎನ್ನುತ್ತಿದ್ದರು ಮಾಸ್ತರರು. “ಒಳಗ ಯಾರ್ಯಾರು ಕುಡಸ್ತಾರ ಅಂತ ಒಂದ ಸಲ ನೋಡಿ ಬರಕೊಂಡ್ರ ಉಳದವ್ರೂ ಒಪ್ತಾರ. ನನ್ನ ಕರಕೊಂಡ ಹೋಗು.” ಅವರು ಕೈ ಚಾಚಿದರು.

ಮಲಕಪ್ಪ ಆ ಕೈಯನ್ನು ನೋಡಿದ. ಅವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಕೈ ಖಾಲಿ ಇಲ್ರಿ,” ಎಂದ. ಅಜ್ಜಿಯನ್ನು ಕರೆದುಕೊಂಡು ತಿರುವಿನಲ್ಲಿ ಮರೆಯಾದ.